ಮಾರುತಿ 800ಗೆ ಹಳೇ ಇಂಜಿನ್ ಬ್ಲಾಕ್: ಎರಡರಲ್ಲಿ ಯಾವುದು ತಗೊಳ್ಳಲಿ?

ಗೌರಿಬಿದನೂರು ಹುಡುಗ:
ಅಪ್ಪನ ಕಾರು, ಕಾರ್ಬುರೇಟರ್ ಮಾಡೆಲ್. ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ (ಸಿಲಿಂಡರ್‌ಗಳಿರುವ ಇಂಜಿನ್ನಿನ ಮುಖ್ಯ ಭಾಗ) ತೂತಾಗಿದೆ. ಅದರ ಮೇಲೆ ಕೂರುವ ಹೆಡ್ ಚೆನ್ನಾಗಿದೆ. ಗಾಡಿ ಬಿಡೋಕೆ ಮನಸ್ಸಿಲ್ಲ. ಗುಜರಿಯಲ್ಲಿ ಎರಡು ಬ್ಲಾಕ್ ನೋಡಿದೆ. ಒಂದಕ್ಕೆ ಹೊಸದಾಗಿ ಬಣ್ಣ ಬಳಿದಿದ್ದಾರೆ, ಬೋರ್ (ಪಿಸ್ಟನ್ ಓಡಾಡುವ ತೂತು) ಕನ್ನಡಿ ಥರ ಹೊಳೆಯುತ್ತದೆ. ಆದರೆ ಕ್ರ್ಯಾಂಕ್ ಶಾಫ್ಟನ್ನು ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪ್ ಇಲ್ಲ, ಬೇರೆ ಕ್ಯಾಪ್ ಕೊಡುತ್ತಾರಂತೆ. ಇನ್ನೊಂದು ಎಣ್ಣೆ, ಧೂಳು ಮೆತ್ತಿಕೊಂಡು ಬಿದ್ದಿದೆ. ಕ್ಯಾಪ್‌ಗಳೆಲ್ಲ ಇವೆ, ಆದರೆ ಬೋರ್ ಮೇಲ್ಗಡೆ ಉಗುರಿಗೆ ಅಂಚು ತಾಗುತ್ತದೆ. ಬಲ್ಲವರು ಹೇಳಿ.

ತುಮಕೂರು ಲೇತ್:
ಮೊದಲನೆಯದು ಬೇಡ. ಕ್ಯಾಪ್‌ಗಳನ್ನು ಬ್ಲಾಕ್‌ಗೆ ಕೂರಿಸಿಯೇ ಬೇರಿಂಗ್ ತೂತು ಕೊರೆದಿರುತ್ತಾರೆ. ಬೇರೆ ಬ್ಲಾಕಿನ ಕ್ಯಾಪ್ ಹಾಕಿದರೆ ತೂತು ನೇರಕ್ಕೆ ಬರುವುದಿಲ್ಲ. ಲೈನ್ ಬೋರಿಂಗ್ (ಎಲ್ಲ ಬೇರಿಂಗ್ ತೂತುಗಳನ್ನು ಒಂದೇ ನೇರಕ್ಕೆ ಮತ್ತೆ ಕೊರೆಯುವುದು) ಮಾಡಿಸದಿದ್ದರೆ ಕ್ರ್ಯಾಂಕ್ ಬಿಗಿಯುತ್ತದೆ, ಬೇರಿಂಗ್ ಸುಟ್ಟುಹೋಗುತ್ತದೆ. ಬೋರ್ ಹೊಳೆಯುವುದೂ ಒಳ್ಳೇ ಲಕ್ಷಣ ಅಲ್ಲ. ಹೋನಿಂಗ್ ಗೀರು (ಎಣ್ಣೆ ಹಿಡಿಯಲೆಂದು ಕಲ್ಲಿನಿಂದ ಉಜ್ಜಿ ಮಾಡಿದ ಸಣ್ಣ ಗೆರೆ) ಅಳಿಸಿಹೋದರೆ ಎಣ್ಣೆ ನಿಲ್ಲುವುದಿಲ್ಲ.

ಉಗುರಿಗೆ ಅಂಚು ಸಿಕ್ಕಿತು ಅಂತ ಹೆದರಬೇಡಿ. ಸವೆತ ಸರಿ ಮಾಡಬಹುದು. ಈ ಇಂಜಿನ್ನಿನ ಬೋರ್ 68.5 ಮಿಲಿಮೀಟರ್, ಅದಕ್ಕಿಂತ 0.25, 0.50 ಮಿಲಿಮೀಟರ್ ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಬರುತ್ತದೆ. ಈಗಾಗಲೇ 0.50ಕ್ಕೆ ಬೋರ್ ಆಗಿದೆಯಾ ಅಂತ ಮಾತ್ರ ಮೊದಲು ಅಳೆಸಿ. ಮೇಲೆ, ನಡುವೆ, ಕೆಳಗೆ, ಎರಡೂ ದಿಕ್ಕಿನಲ್ಲಿ ಅಳೆಯಬೇಕು. ಒಂದೇ ಕಡೆ ಅಳೆದು ಹೇಳುವವರ ಮಾತು ನಂಬಬೇಡಿ.

ನಾನು ಎಲ್ಲಕ್ಕಿಂತ ಮೊದಲು ನೋಡುವುದು ನೀರಿನ ದಾರಿ. ನಮ್ಮ ಕಡೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಲ್ಲ ಬೋರ್‌ವೆಲ್ ನೀರು, ಗಡಸು. ಕೂಲೆಂಟ್ ಬದಲು ಅದನ್ನೇ ರೇಡಿಯೇಟರ್‌ಗೆ ಸುರಿದು ಓಡಿಸಿರುತ್ತಾರೆ. ಒಳಗೆ ಸುಣ್ಣ ಕಟ್ಟುತ್ತದೆ, ಕಬ್ಬಿಣ ತುಕ್ಕು ತಿನ್ನುತ್ತದೆ. ವೆಲ್ಶ್ ಪ್ಲಗ್ (ನೀರಿನ ದಾರಿಯ ತೂತಿಗೆ ಹಾಕಿದ ತಗಡಿನ ಮುಚ್ಚಳ) ಒಂದನ್ನು ಬಿಚ್ಚಿಸಿ, ಟಾರ್ಚ್ ಹಾಕಿ ನೋಡಿ. ಕೆಂಪು ಪುಡಿ ಇದ್ದರೆ ತೊಳೆದರಾಯಿತು. ಪದರ ಪದರವಾಗಿ ಕಿತ್ತು ಬಂದರೆ ಗೋಡೆ ತೆಳುವಾಗಿದೆ ಅಂತಲೇ ಅರ್ಥ. ಅದನ್ನು ಬೋರ್ ಮಾಡಿಸುವುದು ದುಡ್ಡು ಹಾಳು.

ಬಿಸಿ ಏರಿದ ಇಂಜಿನ್ನಿಗೆ ತಣ್ಣೀರು ಹೊಯ್ದರೆ ಬಿರುಕು ಬಿಡಬಹುದು. ಬೋಲ್ಟ್ ತೂತುಗಳ ಸುತ್ತ ಚೆನ್ನಾಗಿ ಒರೆಸಿ, ಸೀಮೆಎಣ್ಣೆ ಹಚ್ಚಿ, ಮತ್ತೆ ಒಣಗಿಸಿ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒದ್ದೆ ಗೆರೆ ಕಾಣುತ್ತದೆ. ಹೆಡ್ ಕೂರುವ ಮೇಲ್ಮೈಗೆ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟು, ಅದರಡಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿ. 0.05 ಮಿಲಿಮೀಟರಿನದು ತೂರಿದರೆ ಸರ್ಫೇಸಿಂಗ್ (ಮೇಲ್ಮೈ ಸಮ ಮಾಡುವುದು) ಬೇಕು.

ಕೋಲಾರದವನು:
ಲೇತ್ ಅಣ್ಣ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಇಂಜಿನ್ ನಂಬರ್ ಬ್ಲಾಕಿನ ಮೇಲೆಯೇ ಇರುತ್ತದೆ, ಆರ್‌ಸಿಯಲ್ಲೂ ಅದೇ ಇರುತ್ತದೆ. ನಂಬರ್ ಉಜ್ಜಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಬಿಲ್ ತಗೊಂಡು ಆರ್‌ಟಿಒದಲ್ಲಿ ಹೊಸ ನಂಬರ್ ಬರೆಸಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಆಮೇಲೆ, ಆ ಬ್ಲಾಕ್ ಮಾರುತಿ ಓಮ್ನಿ ವ್ಯಾನಿನದಾ ಕೇಳಿ. ಅದೂ 796 ಸಿಸಿ, ಆದರೆ ಇಂಜಿನ್ ಕೂರುವ ರೀತಿ ಬೇರೆ. ಬ್ರಾಕೆಟ್ ತೂತು ನಿಮ್ಮದಕ್ಕೆ ಹೊಂದುತ್ತದಾ ನೋಡಿ.

ಗೌರಿಬಿದನೂರು ಹುಡುಗ:
ತುಂಬಾ ಥ್ಯಾಂಕ್ಸ್ ಅಣ್ಣ. ಎರಡನೆಯದರ ಪ್ಲಗ್ ಬಿಚ್ಚಿಸಿದೆ. ಕೆಂಪು ಪುಡಿ ಇದೆ, ಪದರ ಇಲ್ಲ. ನಂಬರ್ ಸ್ಪಷ್ಟವಾಗಿದೆ. ಕ್ಯಾಪ್‌ಗಳ ಮೇಲೆ ಒಂದರಿಂದ ನಾಲ್ಕು, ಬಾಣದ ಗುರುತು ಇದೆ. ಬೋರಿಂಗ್ ಮೊದಲು ಮಾಡಿಸಿ ಪಿಸ್ಟನ್ ತರಲಾ?

ತುಮಕೂರು ಲೇತ್:
ಪಿಸ್ಟನ್ ಮೊದಲು ತನ್ನಿ. ಪಿಸ್ಟನ್ ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಬೇಕು. ಹೋನಿಂಗ್ ಆದಮೇಲೆ ಸೋಪು ನೀರಲ್ಲಿ ಬ್ರಷ್ ಹಾಕಿ ಉಜ್ಜಿಸಿ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಹತ್ತಬಾರದು. ಒಣಗಿದ ತಕ್ಷಣ ಎಣ್ಣೆ ಹಚ್ಚಿ.