ತೊಗಲಿನ ಲ್ಯಾಂಪ್ ಶೇಡ್: ಅಂದವೂ ಇರಬೇಕು, ಓದೋಕೂ ಆಗಬೇಕು

ಮಲೆನಾಡ ಮಗಳು:
ಅಮ್ಮನ ಮಂಚದ ಪಕ್ಕಕ್ಕೆ ಟೇಬಲ್ ಲ್ಯಾಂಪ್ ಮಾಡಬೇಕು ಅಂತಿದ್ದೇನೆ. ತೊಗಲು ಗೊಂಬೆಗೆ ಬಳಸುವಂಥ ಮೇಕೆ ತೊಗಲು ಸಿಕ್ಕಿದೆ. ಕಿಟಕಿಗೆ ಹಿಡಿದರೆ ಜೇನಿನ ಬಣ್ಣ, ನರದ ಗೆರೆಗಳೂ ಕಾಣುತ್ತವೆ. ನವಿಲು, ಬಳ್ಳಿ ಬಿಡಿಸುವ ಆಸೆ. ಆದರೆ ಅಮ್ಮ ರಾತ್ರಿ ಅದರಲ್ಲೇ ಪೇಪರ್ ಓದಬೇಕು. ಪೋಸ್ಟರ್ ಕಲರ್ ಆಗುತ್ತಾ? ನಮ್ಮೂರ ಮಳೆಗೆ ತೊಗಲು ತಡೆಯುತ್ತಾ?

ಉಳಿ-ಬಣ್ಣ:
ಪೋಸ್ಟರ್ ಕಲರ್ ಬೇಡವೇ ಬೇಡ. ದೀಪ ಆರಿದ್ದಾಗ ಚೆಂದ ಕಾಣುತ್ತೆ, ಹಚ್ಚಿದ ಕೂಡಲೇ ನವಿಲು ಕಪ್ಪು ಕಾಗೆ. ಬೆಳಕು ತೂರುವ ಇಂಕ್ ಅಥವಾ ಡೈ ತಗೊಳ್ಳಿ, ಎರಡೂ ಕಡೆ ಹಚ್ಚಿ. ಗೊಂಬೆ ಮಾಡುವವರು ಮಾಡೋದೂ ಹಾಗೇ. ಕಪ್ಪನ್ನು ಗೆರೆಗೆ ಮಾತ್ರ ಇಟ್ಟುಕೊಳ್ಳಿ. ಗೊಂಬೆಯ ಒಡವೆ, ಸೆರಗಿನ ಅಂಚಿಗೆ ಮಾಡುವ ಹಾಗೆ ಉಳಿಯಿಂದ ಸಣ್ಣ ತೂತು ಹೊಡೆದರೆ ಆ ಚುಕ್ಕಿಗಳೇ ಮಿನುಗುತ್ತವೆ. ಆಂಧ್ರದ ಧರ್ಮಾವರಂ ಹತ್ತಿರದ ನಿಮ್ಮಲಕುಂಟೆ ಊರಿನವರು ಗೊಂಬೆ ಕೆಲಸದಿಂದಲೇ ಲ್ಯಾಂಪ್ ಶೇಡಿಗೆ ಬಂದವರು. ಅವರ ಕೆಲಸ ಒಮ್ಮೆ ನೋಡಿ.

ಓದೋ ಬೆಳಕು ತೊಗಲಿನಿಂದ ಬರಲ್ಲ, ಅಲ್ವಾ? ಅದು ಕೆಳಗಿನ ಬಾಯಿಂದ ಬರಬೇಕು. ಹಾಗಾಗಿ ಕೆಳಗೆ ಅಗಲ, ಮೇಲೆ ಕಿರಿದು. ಅಮ್ಮ ದಿಂಬಿಗೆ ಒರಗಿ ಕೂತಾಗ ಶೇಡಿನ ಕೆಳಗಿನ ಅಂಚು ಅವರ ಕಣ್ಣಿನ ಮಟ್ಟಕ್ಕಿರಲಿ. ಮೇಲಿದ್ದರೆ ಬಲ್ಬು ಕಣ್ಣಿಗೆ ಹೊಡೆಯುತ್ತೆ.

ಕರೆಂಟ್ ಕೆಲಸದವ:
9 ವ್ಯಾಟಿನ ಎಲ್‌ಇಡಿ ಸಾಕು, 2700 ಕೆಲ್ವಿನ್‌ದು (ಅಂದರೆ ಹಳದಿ ಬೆಳಕಿನದು), ಹಾಲುಗಾಜಿನದ್ದು. ಹಳೇ 60 ವ್ಯಾಟಿನ ಬುರುಡೆ ಬಲ್ಬು ಹಾಕಬೇಡಿ, ತೊಗಲು ಸುಕ್ಕುಗಟ್ಟುತ್ತೆ. ಮೇಲಿನ ಬಾಯಿ ಮುಚ್ಚಬೇಡಿ. ಎಲ್‌ಇಡಿಯೂ ಬುಡದಲ್ಲಿ ಬಿಸಿಯಾಗುತ್ತೆ.

ಉಳಿ-ಬಣ್ಣ:
ಮಳೆ ವಿಷಯ ಮರೆತೆ. ತೊಗಲು ತೇವ ಕುಡಿದು ಸಡಿಲ ಆಗುತ್ತೆ, ಒಣಗಿದರೆ ಬಿಗಿಯುತ್ತೆ. ಅಂಟು ಹಾಕಿದರೆ ಒಂದೇ ಮಳೆಗಾಲಕ್ಕೆ ಬಿಡುತ್ತೆ. ಅಂಚಿಗೆ ತೂತು ಮಾಡಿ ತೊಗಲಿನ ದಾರದಲ್ಲೇ ಶೇಡಿನ ತಂತಿ ಚೌಕಟ್ಟಿಗೆ ಹೊಲಿಯಿರಿ. ಚೌಕಟ್ಟಿನ ತಂತಿಗೆ ಪೇಂಟ್ ಇರಲಿ, ಇಲ್ಲದಿದ್ದರೆ ತುಕ್ಕಿನ ಕಲೆ ಹೊರಗೆ ಮೂಡುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಣ ಕುಂಚ ಆಡಿಸಿ.

ಮಲೆನಾಡ ಮಗಳು:
ಥ್ಯಾಂಕ್ಸ್. ಮೇಲಿನ ಬಳೆ ಎಷ್ಟು ಕಿರಿದಿರಬಹುದು?

ಕರೆಂಟ್ ಕೆಲಸದವ:
ಅಮ್ಮನ ಕೈ ಸಲೀಸಾಗಿ ಒಳಗೆ ಹೋಗಬೇಕು. ಬಲ್ಬು ಬದಲಿಸೋಕೆ ಪ್ರತಿ ಸಲ ನಿಮ್ಮನ್ನೇ ಕರೆಯಬಾರದಲ್ಲ!