ಜಪಾನಲ್ಲಿ ಇಂಗ್ಲಿಷ್ ಟೀಚರ್ ಆಗಿರೋರು ಯಾರಾದ್ರೂ ಇದ್ರೆ ದಯವಿಟ್ಟು ಅನುಭವ ಹೇಳಿ

ಕೇಳಿದ್ದು: ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಎಂಎ ಬಿಎಡ್ ಆಗಿದೆ, ಪ್ರೈವೇಟ್ ಹೈಸ್ಕೂಲಲ್ಲಿ ನಾಲ್ಕು ವರ್ಷದಿಂದ ಇಂಗ್ಲಿಷ್ ಪಾಠ ಮಾಡ್ತಿದೀನಿ. ಜಪಾನಿನ ಸರ್ಕಾರಿ ಶಾಲೆಗಳಲ್ಲಿ ಎಎಲ್‌ಟಿ ಅಂತ ಅಸಿಸ್ಟೆಂಟ್ ಟೀಚರ್ ಕೆಲಸ ಇರುತ್ತಲ್ಲ, ಅದಕ್ಕೆ ಒಂದು ಏಜೆನ್ಸಿ ಮೂಲಕ ಇಂಟರ್‌ವ್ಯೂ ಆಯ್ತು, ಸೆಲೆಕ್ಟ್ ಆದ್ರೆ ಏಪ್ರಿಲ್‌ಗೆ ಹೋಗ್ಬೇಕು. ನಾವು ಮೀನು ಮಾಂಸ ಮುಟ್ಟಲ್ಲ, ಅಲ್ಲಿ ಏನು ತಿಂತೀಯ ಅಂತ ಅಮ್ಮಂಗೆ ದಿನಾ ಅದೇ ಚಿಂತೆ. ನನಗೆ ಬೇರೆ ಚಿಂತೆ. 7ನೇ ಕ್ಲಾಸ್ ತನಕ ಕನ್ನಡ ಮೀಡಿಯಂ ಓದಿದ್ದು, ಇದರಿಂದ ವೀಸಾಗೆ ತೊಂದ್ರೆ ಆಗುತ್ತಾ? ದಿನಾ ಶಾಲೇಲಿ ಹೇಗಿರುತ್ತೆ? ಭಾಷೆ ಬರದೆ ಒಬ್ಬಳೇ ಇರೋಕಾಗುತ್ತಾ? ಹೋಗಿ ಬಂದೋರು, ಈಗ ಅಲ್ಲೇ ಇರೋರು ಯಾರಾದ್ರೂ ಹೇಳಿದ್ರೆ ತುಂಬಾ ಉಪಕಾರ ಆಗುತ್ತೆ.

ನೀಗಾಟಾದಿಂದ, ಊರು ತೀರ್ಥಹಳ್ಳಿ

ನಮಸ್ಕಾರ. ನಾನಿಲ್ಲಿ ನೀಗಾಟಾ ಪ್ರಿಫೆಕ್ಚರಿನ ಜೋಯೆತ್ಸು ಕಡೆ ಎಎಲ್‌ಟಿ ಆಗಿ ಆರನೇ ವರ್ಷ. ನಿಮ್ಮ ಪ್ರಶ್ನೆ ಓದಿದಾಗ ನಾನು ಹೊರಡೋ ಮುಂಚೆ ಇದ್ದ ಭಯ ಎಲ್ಲಾ ನೆನಪಾಯ್ತು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ವೀಸಾ. ಸರ್ಕಾರಿ ಶಾಲೆಗೆ ಬರೋರಿಗೆ ಇನ್‌ಸ್ಟ್ರಕ್ಟರ್ ವೀಸಾ, ಅದರಲ್ಲಿ ಯಾವ ಭಾಷೆ ಕಲಿಸ್ತೀವೋ ಆ ಭಾಷೆಯ ಮಾಧ್ಯಮದಲ್ಲೇ 12 ವರ್ಷ ಓದಿರ್ಬೇಕು ಅಂತ ನಿಯಮ ಇದೆ. ನಾನೂ 7ರ ತನಕ ಕನ್ನಡ ಮೀಡಿಯಮ್ಮೇ. ನನಗೆ ಕಾಲೇಜಿನ ವರ್ಷಗಳನ್ನೂ ಸೇರಿಸಿ ಲೆಕ್ಕ ಹಾಕಿದ್ರು. ನಿಮ್ಮದನ್ನ ಎಣಿಸಿದ್ರೆ ಹೈಸ್ಕೂಲ್ 3, ಪಿಯುಸಿ 2, ಡಿಗ್ರಿ 3, ಎಂಎ 2, ಬಿಎಡ್ 2, ಸರಿಯಾಗಿ 12 ಬರುತ್ತೆ. ಆದ್ರೆ ಒಂದು ವರ್ಷದ ಕಾಗದ ಇಲ್ಲದಿದ್ರೂ ಸಿಕ್ಕಾಕೊಳ್ತೀರಿ, ಅದಕ್ಕೆ ಈಗ್ಲೇ ಪ್ರತಿ ಶಾಲೆ ಕಾಲೇಜಿಗೆ ಹೋಗಿ ಮೀಡಿಯಂ ಆಫ್ ಇನ್‌ಸ್ಟ್ರಕ್ಷನ್ ಸರ್ಟಿಫಿಕೇಟ್ ಲೆಟರ್‌ಹೆಡ್ಡಲ್ಲಿ ಬರೆಸ್ಕೊಂಡು ಸೀಲ್ ಹಾಕಿಸ್ಕೊಳ್ಳಿ, ಏಜೆನ್ಸಿಯವರಿಗೂ ಈ ವಿಷ್ಯ ಮುಚ್ಚಿಡದೆ ಹೇಳಿ. ನನ್ನ ಹೈಸ್ಕೂಲಿನ ಕ್ಲರ್ಕ್ ಈ ಥರ ಸರ್ಟಿಫಿಕೇಟ್ ನಾವು ಕೊಟ್ಟೇ ಇಲ್ಲ ಅಂತ ಮೂರು ಸಲ ತಿರುಗಿಸಿದ್ರು, ಕೊನೆಗೆ ಹೆಡ್‌ಮಾಸ್ಟರೇ ಕೂರಿಸ್ಕೊಂಡು ಬರೆದುಕೊಟ್ರು.

ಇನ್ನು ಶಾಲೆ. ಪಾಠದ ಬಗ್ಗೆ ನೀವು ಹೆದರೋದೇ ಬೇಡ, ನಾಲ್ಕು ವರ್ಷ ನಮ್ಮ ಊರಿನ ಹೈಸ್ಕೂಲಲ್ಲಿ ನಿಂತು ಪಾಠ ಮಾಡಿದೋರು ನೀವು. 2020ರಿಂದ ಪ್ರೈಮರಿಯ 5, 6ನೇ ಕ್ಲಾಸಿಗೆ ಇಂಗ್ಲಿಷ್ ಒಂದು ಸಬ್ಜೆಕ್ಟ್ ಆಗಿದೆ, 3 ಮತ್ತು 4ಕ್ಕೆ ಆಟ ಹಾಡು ಮಾತುಕತೆ ಥರ ಇರುತ್ತೆ. ಪೀರಿಯಡ್ ಪ್ರೈಮರೀಲಿ 45 ನಿಮಿಷ, ಜೂನಿಯರ್ ಹೈಸ್ಕೂಲಲ್ಲಿ 50. ಕ್ಲಾಸಿನ ಜವಾಬ್ದಾರಿ ಜಪಾನಿ ಟೀಚರದ್ದು, ನಾವು ಜೊತೇಲಿ. ಕೆಲವರು ಪೂರ್ತಿ ಕ್ಲಾಸ್ ನಮ್ಮ ಕೈಗೇ ಬಿಡ್ತಾರೆ, ಕೆಲವರು ಟೇಪ್‌ರೆಕಾರ್ಡರ್ ಹಾಗೆ ಓದಿಸಿ ಸುಮ್ಮನಾಗಿಸ್ತಾರೆ, ಎರಡಕ್ಕೂ ತಯಾರಿರಿ. ನನಗೆ ಮೂರು ಶಾಲೆ, ದಿನಕ್ಕೊಂದು.

ನಾನು ಒತ್ತಿ ಹೇಳ್ಬೇಕಾಗಿರೋದು ಪಾಠ ಬಿಟ್ಟು ಉಳಿದ ಹೊತ್ತಿನ ಬಗ್ಗೆ. ಬೆಳಿಗ್ಗೆ ಸ್ಟಾಫ್‌ರೂಮಿಗೆ ಕಾಲಿಟ್ಟ ಕೂಡ್ಲೇ ಎಲ್ಲರಿಗೂ ಕೇಳೋ ಹಾಗೆ ಓಹಾಯೋ ಗೊಝಾಯಿಮಸ್ ಅನ್ಬೇಕು, ಸಂಜೆ ಹೊರಡುವಾಗ ಓಸಾಕಿನಿ ಶಿತ್ಸುರೇಯ್ ಶಿಮಸ್, ಅಂದ್ರೆ ನಿಮಗಿಂತ ಮುಂಚೆ ಹೊರಡ್ತಿದೀನಿ ತಪ್ಪು ತಿಳ್ಕೋಬೇಡಿ ಅಂತ. ನಮ್ಮ ಕಡೆ ನೆಂಟರ ಮನೆಯಿಂದ ಹೊರಡೋವಾಗ ಬರ್ತೀನಿ ಅನ್ನದೆ ಎದ್ದು ಹೋದ್ರೆ ಹೇಗೋ ಹಾಗೆ, ಇದನ್ನ ಹೇಳದೆ ಹೋದ್ರೆ ಅವರಿಗೆ ಏನೋ ಕಸಿವಿಸಿ. ಈ ಎರಡು ಮಾತು ಬಾಯಿಗೆ ಬಂದ್ರೆ ಅರ್ಧ ಸ್ಟಾಫ್‌ರೂಮ್ ನಿಮ್ಮ ಕಡೆ.

ಮಧ್ಯಾಹ್ನ ಊಟ ಆದ್ಮೇಲೆ ಸೋಜಿ ಅಂತ ಹದಿನೈದು ನಿಮಿಷ ಮಕ್ಕಳೇ ಶಾಲೆ ಕ್ಲೀನ್ ಮಾಡ್ತಾರೆ. ಮೊದಲ ವರ್ಷ ಆ ಹೊತ್ತಲ್ಲಿ ನಾನು ಸ್ಟಾಫ್‌ರೂಮಲ್ಲಿ ಕೂತು ವರ್ಕ್‌ಶೀಟ್ ಮಾಡ್ತಿದ್ದೆ, ನನ್ನ ಕಾಂಟ್ರ್ಯಾಕ್ಟಲ್ಲಿ ಇರ್ಲಿಲ್ಲ, ಯಾರೂ ಕರೀಲಿಲ್ಲ. ಎರಡನೇ ವರ್ಷ ಒಂದಿನ ಸುಮ್ಮನೆ ಹೋಗಿ ಒಂದು ಒರೆಸೋ ಬಟ್ಟೆ ತಗೊಂಡು ಐದನೇ ಕ್ಲಾಸಿನ ಹುಡುಗಿಯರ ಜೊತೆ ಕಾರಿಡಾರಲ್ಲಿ ಮೊಣಕಾಲೂರಿದೆ. ಅವರು ಎರಡೂ ಕೈ ಬಟ್ಟೆ ಮೇಲೆ ಒತ್ತಿ ಸೊಂಟ ಮೇಲೆತ್ತಿ ಈ ತುದಿಯಿಂದ ಆ ತುದಿಗೆ ಓಡ್ತಾರೆ, ನನಗೆ ನಾಲ್ಕು ಹೆಜ್ಜೆಗೇ ಏದುಸಿರು. ಕ್ಲಾಸಲ್ಲಿ ಒಂದು ದಿನವೂ ಬಾಯಿ ಬಿಡದ ಒಂದು ಹುಡುಗಿ ಪಕ್ಕ ಬಂದು ಇಂಡೋ ದೆಮೋ ಸೋಜಿ ಸುರು ನೋ ಅಂದ್ಲು, ಇಂಡಿಯಾದಲ್ಲೂ ಕ್ಲೀನ್ ಮಾಡ್ತೀರಾ ಅಂತ. ನಾವು ಚಿಕ್ಕವರಿದ್ದಾಗ ಬೆಳಿಗ್ಗೆ ಬೇಗ ಹೋಗಿ ಕಸ ಗುಡಿಸಿ ಅಂಗಳಕ್ಕೆ ನೀರು ಹಾಕಿ ಪ್ರಾರ್ಥನೆಗೆ ನಿಲ್ತಿದ್ದು, ಪೊರಕೆ ಯಾರ ಪಾಲಿಗೆ ಅಂತ ಕಿತ್ತಾಡ್ತಿದ್ದು, ಇದ್ದಬದ್ದ ಜಪಾನೀಸಲ್ಲಿ ಕೈಸನ್ನೆ ಸೇರಿಸಿ ಹೇಳ್ದೆ. ಮಾರನೇ ದಿನದಿಂದ ಆ ಮಗು ಕ್ಲಾಸಲ್ಲಿ ಕೈ ಎತ್ತೋಕೆ ಶುರು ಮಾಡ್ತು. ಅಲ್ಲಿಂದ ಇವತ್ತಿನ ತನಕ ನಾನು ಸೋಜಿ ತಪ್ಪಿಸಿಲ್ಲ.

ಊಟದ ವಿಷ್ಯ, ಅಮ್ಮಂಗೆ ಓದಿ ಹೇಳಿ. ಮಧ್ಯಾಹ್ನ ಕ್ಯೂಶೋಕು ಅಂತ ಶಾಲೆ ಊಟ, ಬಿಳಿ ಏಪ್ರನ್ ಟೋಪಿ ಹಾಕಿರೋ ಮಕ್ಕಳೇ ಬಡಿಸ್ತಾರೆ, ಕ್ಲಾಸಲ್ಲೇ ಕೂತು ಟೀಚರ್ ಮಕ್ಕಳು ಒಂದೇ ಊಟ. ಅನ್ನ, ಸೂಪು, ಒಂದು ಪಲ್ಯದ ಥರದ್ದು, ಹಾಲಿನ ಪ್ಯಾಕೆಟ್. ಕಣ್ಣಿಗೆ ಬರೀ ತರಕಾರಿ ಅನ್ಸಿದ್ರೂ ಸೂಪಿಗೆ ದಾಶಿ ಇರುತ್ತೆ, ಸಾಮಾನ್ಯವಾಗಿ ಒಣಗಿಸಿದ ಮೀನಿನ ಸಾರ, ಹಾಗಾಗಿ ನಮ್ಮ ಥರದವರಿಗೆ ಅನ್ನ ಹಾಲು ಹಣ್ಣು ಅಷ್ಟೇ. ಸೇರಿದ ಮೊದಲ ದಿನವೇ ಕ್ಯೋತೋ ಸೆನ್ಸೇ ಹತ್ರ, ಅಂದ್ರೆ ವೈಸ್ ಪ್ರಿನ್ಸಿಪಾಲ್, ನಾನು ಬುತ್ತಿ ತರ್ತೀನಿ ಅಂತ ಹೇಳಿ ಪರ್ಮಿಶನ್ ತಗೊಳ್ಳಿ. ಅಲರ್ಜಿ ಅಂತ ಮಾತ್ರ ಹೇಳ್ಬೇಡಿ, ಇಲ್ಲಿ ಅದನ್ನ ತುಂಬಾ ಗಂಭೀರವಾಗಿ ತಗೊಂಡು ಫಾರ್ಮು, ಡಾಕ್ಟರ್ ಲೆಟರ್ ಎಲ್ಲಾ ಕೇಳ್ತಾರೆ. ನಮ್ಮ ಮನೆತನದಲ್ಲಿ ತಿನ್ನಲ್ಲ ಅಂದ್ರೆ ಸಾಕು, ಗೌರವಿಸ್ತಾರೆ. ಬುತ್ತಿ ತಂದ್ರೂ ಮಕ್ಕಳ ಜೊತೆ ಕೂತೇ ತಿನ್ನಿ. ಶಾಲೇಲಿ ಕರೀ ರೈಸ್ ಮಾಡಿದ ದಿನ ಇಂಡಿಯಾದ ಸೆನ್ಸೇ, ಅಂದ್ರೆ ಟೀಚರ್, ಖುಷಿಯಾಗಿ ತಿಂತಾರೆ ಅಂತ ಮಕ್ಕಳೆಲ್ಲಾ ಕಾಯ್ತಿದ್ರು, ಅದರಲ್ಲಿ ಹಂದಿಮಾಂಸ ಇತ್ತು, ನಾನು ಚಿತ್ರಾನ್ನದ ಡಬ್ಬಿ ತೆಗೆದೆ. ಕರೇ ನನೋನಿ, ಕರೀನೇ ಅಲ್ವಾ ಸೆನ್ಸೇ ಅಂತ ಮುಖ ಬಾಡಿಸ್ಕೊಂಡ ಹುಡುಗನೊಬ್ಬ ಆಮೇಲೆ ನನ್ನ ತಟ್ಟೆಗೆ ತನ್ನ ಪಾಲಿನ ಕಿತ್ತಳೆ ತೊಳೆ ಇಟ್ಟು ಹೋದ.

ಮನೇಲಿ ಮಾಡ್ಕೊಳ್ಳೋಕೆ ತೊಂದ್ರೆ ಇಲ್ಲ. ತೊಗರಿಬೇಳೆ, ಸಾಸಿವೆ, ಹುಣಸೆಹಣ್ಣು ಎಲ್ಲಾ ಆನ್‌ಲೈನಲ್ಲಿ ಬರುತ್ತೆ, ಟೋಕಿಯೋ ಕಡೆ ಹೋದಾಗ ನಿಶಿಕಸಾಯಲ್ಲಿ ಇಂಡಿಯನ್ ಅಂಗಡಿಗಳಿವೆ. ಇಲ್ಲಿ ಅಕ್ಕಿ ಅಂಟಂಟು, ಮೊಸರನ್ನಕ್ಕೆ ಚೆನ್ನಾಗಿರುತ್ತೆ, ಚಿತ್ರಾನ್ನಕ್ಕೆ ಬಾಸ್ಮತಿ ತರಿಸ್ಬೇಕು. ಚಿಕ್ಕ ಕುಕ್ಕರ್ ತರೋದು ಮರೀಬೇಡಿ.

ಸೈತಾಮಾದಿಂದ, ಊರು ಹುಬ್ಬಳ್ಳಿ

ಮ್ಯಾಲೆ ಅಕ್ಕಾರು ಶಾಲಿ ಬಗ್ಗೆ ಚಲೋ ಹೇಳ್ಯಾರ, ನಾ ರೊಕ್ಕದ ಬಗ್ಗೆ ಹೇಳತೇನಿ, ಯಾಕಂದ್ರ ನಾ ಅಲ್ಲೇ ಪೆಟ್ಟು ತಿಂದೇನಿ. 1987ರಿಂದ ನಡದಿರೋ ಜೆಟ್ ಪ್ರೋಗ್ರಾಮಿನ್ಯಾಗ ಸರ್ಕಾರನ ಕರಸ್ಕೋತದ, ಪಗಾರನೂ ಚಲೋ, ಆದ್ರ ನಮ್ಮ ದೇಶದಿಂದ ಭಾಳ ಕಡಿಮಿ ಮಂದಿ ಹೋಗ್ತಾರ. ನೀವು ಏಜೆನ್ಸಿ ಅಂದ್ರಿ, ಅಂದ್ರ ಡಿಸ್ಪ್ಯಾಚ್ ಕಂಪನಿ, ಶಾಲಿ ನಿಮ್ಮ ಮಾಲಕ ಅಲ್ಲ, ಕಂಪನಿ ಮಾಲಕ. ಸಹಿ ಮಾಡೂದಕ್ಕಿಂತ ಮೊದಲ ಆಗಸ್ಟ್, ಡಿಸೆಂಬರ್, ಮಾರ್ಚ್ ತಿಂಗಳದಾಗ ಪೂರಾ ಪಗಾರ ಕೊಡ್ತಾರೋ ಇಲ್ಲೋ ಕೇಳ್ರಿ. ನನ್ನ ಮೊದಲನೇ ಕಂಪನಿ ಕಾಂಟ್ರ್ಯಾಕ್ಟಿನ್ಯಾಗ 2,30,000 ಯೆನ್ ಅಂತ ಬರದಿತ್ತು, ಸೂಟಿ ಇದ್ದ ಆಗಸ್ಟದಾಗ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಂತು, ಬಾಡಿಗಿ ಕೊಟ್ಟ ಮ್ಯಾಲೆ ಊರಿಗೆ ಕಳಿಸಾಕ ಏನೂ ಉಳೀಲಿಲ್ಲ, ಅಪ್ಪಗ ಫೋನ್ ಮಾಡಿ ಹೇಳೂದು ಭಾಳ ಕಷ್ಟ ಆತ್ರಿ. ವಾರಕ್ಕ 29.5 ತಾಸು ಅಂತ ಬರದಿದ್ರ ಅದನ್ನೂ ಕೇಳ್ರಿ, ಕೆಲವು ಸಣ್ಣ ಕಂಪನಿಯವರು ಹಂಗ ಬರದು ಕಂಪನಿ ಇನ್ಶೂರೆನ್ಸ್, ಪೆನ್ಶನ್‌ನ್ಯಾಗ ಸೇರಿಸದ ಬಿಡ್ತಾರ, ಆಮ್ಯಾಲೆ ನೀವ ಪೂರಾ ತುಂಬಬೇಕಾಗ್ತದ.

ಏಪ್ರಿಲ್‌ದಾಗ ಬಂದ್ರ ಮೊದಲ ಪಗಾರ ಮೇ ಕಡೀಕ ಬರೂದು ಸಾಮಾನ್ಯ. ಎರಡು ತಿಂಗಳ ಖರ್ಚು, ಮ್ಯಾಲೆ ಮನಿ ಡಿಪಾಸಿಟ್ ಕೈಯಾಗ ಇಟ್ಕೊಂಡ ಬರ್ರಿ. ಇನ್ನೊಂದು ಜೂಮಿನ್‌ಝೇಯ್, ರೆಸಿಡೆಂಟ್ ಟ್ಯಾಕ್ಸ್. ಇದು ಹೋದ ವರ್ಷದ ಗಳಿಕಿ ಮ್ಯಾಲೆ, ಹಂಗಾಗಿ ಮೊದಲನೇ ವರ್ಷ ಇರಂಗಿಲ್ಲ, ಎರಡನೇ ವರ್ಷ ಜೂನ್‌ದಾಗ ಕವರ್ ಬರ್ತದ. ನನಗ ಯಾರೂ ಹೇಳಿರಲಿಲ್ಲ. ನೀವು ಮೊದಲನೇ ತಿಂಗಳಿಂದನ ಸ್ವಲ್ಪ ಸ್ವಲ್ಪ ತಗದ ಇಡ್ರಿ.

ಬಂದ 14 ದಿನದಾಗ ಶಿಯಾಕುಶೋ ಅಂದ್ರ ಸಿಟಿ ಆಫೀಸಿಗೆ ಹೋಗಿ ವಿಳಾಸ ಬರಸಬೇಕು, ಅದಾದ ಮ್ಯಾಲೆನ ಬ್ಯಾಂಕು, ಫೋನು ಎಲ್ಲಾ. ಗಾಡಿ ಓಡಸಬೇಕಾಗೋ ಹಳ್ಳಿ ಶಾಲಿ ಸಿಕ್ರ ಊರಾಗ ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಕೊಂಡ ಬರ್ರಿ, ಒಂದು ವರ್ಷ ನಡೀತದ. ಆಮ್ಯಾಲೆ ನಮ್ಮ ಲೈಸೆನ್ಸ್ ಬದಲಿ ಮಾಡಿಸಾಕ ಪರೀಕ್ಷಿನೂ ಬರೀಬೇಕು, ಗಾಡಿನೂ ಓಡಿಸಿ ತೋರಿಸಬೇಕು.

ಮೈಸೂರಿಂದ

ನಾನು ಐದು ವರ್ಷ ನಾಗೋಯಾ ಹತ್ರ ಇದ್ದು ವಾಪಸ್ ಬಂದವನು. ಬಿಟ್ಟು ಬರುವಾಗಿನ ವಿಷಯ ಮಾತ್ರ ಹೇಳ್ತೀನಿ ಮೇಡಂ. ಪೆನ್ಶನ್‌ಗೆ ಕಟ್ಟಿದ ದುಡ್ಡಲ್ಲಿ ಒಂದು ಭಾಗ ದೇಶ ಬಿಟ್ಟು ಎರಡು ವರ್ಷದೊಳಗೆ ಅರ್ಜಿ ಹಾಕಿದ್ರೆ ಒಟ್ಟಿಗೆ ವಾಪಸ್ ಬರುತ್ತೆ, ಅದರಲ್ಲಿ 20.42 ಪರ್ಸೆಂಟ್ ಟ್ಯಾಕ್ಸ್ ಹಿಡೀತಾರೆ. ಆ ಟ್ಯಾಕ್ಸೂ ವಾಪಸ್ ಕೇಳಬಹುದು, ಆದ್ರೆ ಹೊರಡೋ ಮುಂಚೆ ಟ್ಯಾಕ್ಸ್ ಆಫೀಸಲ್ಲಿ ನಿಮ್ಮ ಪರವಾಗಿ ಅಲ್ಲಿರೋ ಒಬ್ಬರ ಹೆಸರು ಕೊಟ್ಟಿರ್ಬೇಕು. ನನಗೆ ಒಬ್ಬ ಪಿಟಿ ಮೇಷ್ಟ್ರು ಆಗಿಬಂದ್ರು, ಆ ಋಣ ಇನ್ನೂ ಇದೆ. 2016ರ ಅಕ್ಟೋಬರಿಂದ ಭಾರತ ಜಪಾನ್ ನಡುವೆ ಸಾಮಾಜಿಕ ಭದ್ರತೆ ಒಪ್ಪಂದ ಇದೆ, ಎರಡೂ ಕಡೆ ದುಡಿದ ವರ್ಷ ಕೂಡಿಸ್ತಾರೆ, ಆದ್ರೆ ಒಟ್ಟಿಗೆ ದುಡ್ಡು ತಗೊಂಡ್ರೆ ಆ ವರ್ಷಗಳು ಲೆಕ್ಕಕ್ಕಿಲ್ಲ. ಅದಕ್ಕೇ ಪೆನ್ಶನ್ ನಂಬರಿನ ಕಾಗದ ಮೊದಲ ದಿನದಿಂದ ಜೋಪಾನ.

ದಾವಣಗೆರೆಯಿಂದ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಅಮ್ಮಂಗೆ ಕಿತ್ತಳೆ ತೊಳೆ ಕಥೆ ಓದಿ ಹೇಳ್ದೆ, ಆಮೇಲೆ ಕುಕ್ಕರ್ ಎಷ್ಟು ಲೀಟರಿಂದು ಕೊಡ್ಲಿ ಅಂತ ಕೇಳಿದ್ರು. ಏಪ್ರಿಲ್‌ಗೆ ಇನ್ನೂ ಐದು ತಿಂಗಳಿದೆ, ಅಷ್ಟರಲ್ಲಿ ಎಷ್ಟು ಜಪಾನೀಸ್ ಕಲೀಬೇಕು ಅಕ್ಕ? ಚಳಿಗಾಲ, ಒಬ್ಬಳೇ ಇರೋದು, ಭೂಕಂಪ, ಇದರ ಬಗ್ಗೆನೂ ನಿಜ ಹೇಳಿ.

ನೀಗಾಟಾದಿಂದ

ಕುಕ್ಕರ್ ಎರಡು ಲೀಟರ್ ಸಾಕು, ಆದ್ರೆ ಒಲೆ ಇಂಡಕ್ಷನ್ ಇದ್ರೂ ನಡೆಯೋ ಥರದ್ದು ತಗೊಳ್ಳಿ.

ಭಾಷೆ ವಿಷ್ಯದಲ್ಲಿ ಧೈರ್ಯವಾಗಿರಿ, ಕನ್ನಡದವರಿಗೆ ಜಪಾನೀಸ್ ವಾಕ್ಯ ಕಟ್ಟೋದು ಸಲೀಸು. ಕ್ರಿಯಾಪದ ಕೊನೇಲೇ ಬರುತ್ತೆ, ನಮ್ಮ ಅನ್ನು, ಗೆ, ಅಲ್ಲಿ ಥರ ಪ್ರತ್ಯಯ ಹೆಸರಿನ ಕೊನೆಗೇ ಅಂಟಿಕೊಳ್ಳುತ್ತೆ. ತಿಂದು ನೋಡು ಅಂತೀವಲ್ಲ, ತಬೆತೆ ಮಿರು ಅಂದ್ರೆ ಅಕ್ಷರಶಃ ಅದೇ, ತಬೆತೆ ತಿಂದು, ಮಿರು ನೋಡು. ತಿಂದುಬಿಟ್ಟೆ ಅನ್ನೋದಕ್ಕೂ ತಬೆತೆ ಶಿಮತ್ತಾ ಅಂತ ಇದೆ. ಇಂಗ್ಲಿಷಲ್ಲಿ ಯೋಚನೆ ಮಾಡಿ ಜಪಾನೀಸ್ ಮಾತಾಡ್ಬೇಡಿ, ಕನ್ನಡದಲ್ಲಿ ಯೋಚನೆ ಮಾಡಿ. ಅಕ್ಷರಮಾಲೆಯ ಸಾಲೂ ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ, ನಮ್ಮ ವರ್ಣಮಾಲೆ ಕ್ರಮದ ಛಾಯೆನೇ, ಬೌದ್ಧರ ಮೂಲಕ ಸಂಸ್ಕೃತದ ಕ್ರಮ ಅಲ್ಲಿಗೂ ಹೋಗಿದೆ. ಐದು ತಿಂಗಳಲ್ಲಿ ಹಿರಗಾನ, ಕತಕಾನ ಅನ್ನೋ ಎರಡು ಲಿಪಿನೂ ಬರೆಯೋಕೆ ಬರ್ಲಿ, ಚೀನಾದಿಂದ ಬಂದ ಕಾಂಜಿ ಅಕ್ಷರ ಇಲ್ಲಿ ಬಂದು ನೋಡ್ಕೊಳ್ಳಿ.

ಚಳಿ ಮಾತ್ರ ನಿಜಕ್ಕೂ ಕಷ್ಟ. ಮನೆ ಗೋಡೆ ತೆಳು, ಒಳಗೇ ಬಾಯಲ್ಲಿ ಹಬೆ ಬರುತ್ತೆ. ನಮ್ಮ ಕಡೆ ಹಿಮ ಕರಗಿಸೋಕೆ ರಸ್ತೆ ಮಧ್ಯೆ ಸಾಲಾಗಿ ತೂತುಗಳಿಂದ ಬಾವಿ ನೀರು ಚಿಮ್ಮಿಸ್ತಾರೆ, ಆ ನೀರಿನ ಕಬ್ಬಿಣಕ್ಕೆ ರಸ್ತೆಯೆಲ್ಲಾ ಕೆಂಪಾಗಿರುತ್ತೆ, ನೋಡಿದಾಗ ನಮ್ಮ ಮಲೆನಾಡಿನ ಮಣ್ಣಿನ ರಸ್ತೆ ನೆನಪಾಗಿ ಕಣ್ಣು ತುಂಬಿಕೊಂಡಿದ್ದಿದೆ. ಸೀಮೆಎಣ್ಣೆ ಹೀಟರ್ ಹಾಕಿದ್ರೆ ಗಂಟೆಗೊಮ್ಮೆ ಕಿಟಕಿ ತೆಗೀರಿ, ಹಾಕ್ಕೊಂಡೇ ಮಲಗ್ಬೇಡಿ.

2024ರ ಜನವರಿ 1, ಸಂಜೆ 4 ಗಂಟೆ 10 ನಿಮಿಷಕ್ಕೆ ನೋತೋ ಭೂಕಂಪ ಆದಾಗ ನಾನು ಮನೇಲಿ ಒಬ್ಬಳೇ ಅವಲಕ್ಕಿ ಒಗ್ಗರಣೆ ಹಾಕ್ತಿದ್ದೆ. ಫೋನ್ ಕಿರುಚೋಕೆ ಶುರು ಮಾಡ್ತು, ಗ್ಯಾಸ್ ಆಫ್ ಮಾಡಿ ಟೇಬಲ್ ಕೆಳಗೆ ಸೇರ್ಕೊಂಡೆ, ಶಾಲೆ ಡ್ರಿಲ್ಲಲ್ಲಿ ಮಕ್ಕಳ ಜೊತೆ ಮಾಡಿ ಮಾಡಿ ಕೈಕಾಲಿಗೆ ತಾನಾಗೇ ಗೊತ್ತಿತ್ತು. ಸುನಾಮಿ ಎಚ್ಚರಿಕೆ ಬಂತು. ಪಕ್ಕದ ಮನೆ ಅಜ್ಜಿ ಬಾಗಿಲು ತಟ್ಟಿ ಕೈ ಹಿಡ್ಕೊಂಡೇ ಗುಡ್ಡದ ಮೇಲಿನ ಶಾಲೆಗೆ ಕರ್ಕೊಂಡು ಹೋದ್ರು, ಅದು ನಾನು ಮಂಗಳವಾರ ಹೋಗೋ ಶಾಲೆನೇ. ಹಾಲ್‌ನಲ್ಲಿ ಊರಿನ ಅರ್ಧ ಜನ. ನಾನು ಎಲ್ಲಿ ಕೂರ್ಲಿ ಅಂತ ನಿಂತಿದ್ದಾಗ, ಸೆನ್ಸೇ ಕೊಚ್ಚಿ, ಇಲ್ಲಿ ಬನ್ನಿ ಅಂತ ಒಂದು ಮಗು ಕೂಗಿ ಕಂಬಳಿ ಅಂಚು ಎತ್ತಿ ಜಾಗ ಮಾಡ್ತು, ನೋಡಿದ್ರೆ ಸೋಜಿಯ ಆ ಹುಡುಗಿ. ಅವಳ ತಾಯಿ ಬಿಸಿ ಟೀ ಕೊಟ್ಟು, ಮಗಳು ಮನೇಲಿ ನಿಮ್ಮ ಊರಿನ ಶಾಲೆ ಬಗ್ಗೆ ಹೇಳ್ತಿರ್ತಾಳೆ ಅಂದ್ರು. ಆ ರಾತ್ರಿ ಅವರ ಪಕ್ಕದಲ್ಲೇ ಮಲಗಿದ್ದೆ.

ಬಂದ ವಾರದಲ್ಲೇ ನಿಮ್ಮ ಏರಿಯಾದ ಹಿನಾಂಜೋ, ಅಂದ್ರೆ ಇಂಥ ಹೊತ್ತಲ್ಲಿ ಸೇರೋ ಜಾಗ ಯಾವುದು ಅಂತ ಸಿಟಿ ಆಫೀಸಲ್ಲಿ ಮ್ಯಾಪ್ ಇಸ್ಕೊಂಡು ಒಂದ್ಸಲ ನಡೆದು ನೋಡ್ಕೊಂಡು ಬನ್ನಿ. ಶಾಲೆ ಒಳಗೆ ಹಾಕೋಕೆ ಬೇರೆ ಶೂ ಬೇಕು, ಹೊರಗಿಂದು ಬಾಗಿಲಲ್ಲೇ ಬಿಡ್ಬೇಕು. ಚಿಕ್ಕ ಊರಲ್ಲಿ 25 ಸೆಂಟಿಮೀಟರಿಗಿಂತ ದೊಡ್ಡ ಸೈಜು ಹೆಂಗಸರಿಗೆ ಸಿಗೋದು ಕಷ್ಟ, ಕಾಲು ದೊಡ್ಡದಿದ್ರೆ ದಾವಣಗೆರೆಯಲ್ಲೇ ಎರಡು ಜೊತೆ ತಗೊಂಡು ಬನ್ನಿ. ಯಾವ ಊರು ಹಾಕಿದ್ರು ಅಂತ ಗೊತ್ತಾದ ಕೂಡ್ಲೇ ಇಲ್ಲಿ ಬರೀರಿ, ನೀಗಾಟಾ ಕಡೆ ಆದ್ರೆ ಸ್ಟೇಷನ್ನಿಗೆ ನಾನೇ ಬರ್ತೀನಿ.