ಸೀಸ ಸೇರಿದ ಮಣ್ಣಿಗೆ ಸೂರ್ಯಕಾಂತಿ ಬೆಳೆದರೆ ಸಾಕೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಕೊಂಡ ಒಂದು ಎಕರೆಯಲ್ಲಿ ಹಿಂದೆ ಹಳೇ ಬ್ಯಾಟರಿ ಒಡೆಯುತ್ತಿದ್ದರಂತೆ. ಮಣ್ಣು ಪರೀಕ್ಷೆಯಲ್ಲಿ ಕೆಜಿಗೆ 400 ಮಿಲಿಗ್ರಾಂ ಸೀಸ ಬಂದಿದೆ. ಎರಡು ವರ್ಷ ಸಾಸಿವೆ, ಸೂರ್ಯಕಾಂತಿ ಬೆಳೆದರೆ ಅವು ವಿಷವನ್ನೆಲ್ಲ ಹೀರುತ್ತವೆ, ಆಮೇಲೆ ತರಕಾರಿ ಹಾಕಬಹುದು ಅಂತ ಓದಿದೆ. ನಿಜವೇ?

ಉತ್ತರ: ಬಿತ್ತುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಸೀಸದ ಮಟ್ಟಿಗೆ ಇದು ಆಗದ ಕೆಲಸ. ಲೆಕ್ಕ ಹಾಕಿ ನೋಡಿ: ಎಕರೆಯ ಮೇಲಿನ 20 ಸೆಂ.ಮೀ. ಮಣ್ಣು ಸುಮಾರು 1000 ಟನ್ ತೂಗುತ್ತದೆ, ಅಂದರೆ ಅದರಲ್ಲಿ 400 ಕೆಜಿ ಸೀಸವಿದೆ. ಒಂದು ಬೆಳೆಗೆ 4 ಟನ್ ಒಣಗಿಡ ಬಂತು, ಅದರ ಕೆಜಿಯಲ್ಲಿ 100 ಮಿಲಿಗ್ರಾಂ ಸೀಸ ಇತ್ತು ಎಂದು ಧಾರಾಳವಾಗಿಯೇ ಹಿಡಿಯೋಣ. ಹೊರಬಂದದ್ದು 400 ಗ್ರಾಂ! ವರ್ಷಕ್ಕೊಂದು ಬೆಳೆಯಂತೆ ಅರ್ಧ ಸೀಸ ತೆಗೆಯಲು 500 ವರ್ಷ ಬೇಕು.

ಸೀಸ ಜೇಡಿಗೂ ಸಾವಯವ ಅಂಶಕ್ಕೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೇರಿಗೆ ಸಿಗುವುದೇ ಕಡಿಮೆ, ಸಿಕ್ಕಿದ್ದೂ ಬಹುಪಾಲು ಬೇರಲ್ಲೇ ಉಳಿಯುತ್ತದೆ. ಲೋಹವನ್ನು ಹಿಡಿದು ಕರಗಿಸುವ ಇಡಿಟಿಎ ಎಂಬ ರಾಸಾಯನಿಕ ಹಾಕಿ ಸೀಸವನ್ನು ಮಣ್ಣಿನಿಂದ ಬಿಡಿಸುವವರಿದ್ದಾರೆ. ಹಾಗೆ ಬಿಟ್ಟುಕೊಂಡ ಸೀಸ ನೀರಿನ ಜೊತೆ ಅಂತರ್ಜಲಕ್ಕೆ ಇಳಿಯಬಹುದು. ದಯವಿಟ್ಟು ಅದಕ್ಕೆ ಕೈಹಾಕಬೇಡಿ.

ಮರುಪ್ರಶ್ನೆ: ಹಾಗಾದರೆ ಗಿಡ ಮಣ್ಣನ್ನು ಶುದ್ಧ ಮಾಡುತ್ತದೆ ಅನ್ನುವುದೇ ಸುಳ್ಳೇ?

ಉತ್ತರ: ಸುಳ್ಳಲ್ಲ. ಯಾವ ಲೋಹ, ಯಾವ ಗಿಡ ಎಂಬುದು ಮುಖ್ಯ. ಫ್ಲೋರಿಡಾದಲ್ಲಿ ಮರ ಕೆಡದಂತೆ ರಾಸಾಯನಿಕ ಬಳಸುತ್ತಿದ್ದ ಜಾಗದಲ್ಲಿ ಬೆಳೆದ ಒಂದು ಜರಿಗಿಡ ಆರ್ಸೆನಿಕ್ ಹೀರುವುದು 2001ರಲ್ಲಿ ವರದಿಯಾಯಿತು. ಪ್ರಯೋಗದಲ್ಲಿ ಅದರ ಒಣ ಎಲೆಯಲ್ಲಿ ಶೇ 2ಕ್ಕೂ ಹೆಚ್ಚು ಆರ್ಸೆನಿಕ್ ಸಿಕ್ಕಿತ್ತು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಒಂದು ಮರದ ಹಾಲು ನಿಕಲ್‌ನಿಂದಾಗಿ ನೀಲಿ-ಹಸಿರು. ಒಣಗಿಸಿದರೆ ಸುಮಾರು ಕಾಲುಭಾಗ ನಿಕಲ್ಲೇ. ನನಗಂತೂ ಅದು ಇಂದಿಗೂ ಅಚ್ಚರಿ. ಸೀಸಕ್ಕೆ ಅಂಥ ಭರವಸೆಯ ಗಿಡವಿಲ್ಲ.

ನಿಮ್ಮ ನೆಲದಲ್ಲಿ ಗಿಡದ ಕೆಲಸ ಬೇರೆ: ಸೀಸವನ್ನು ಇದ್ದಲ್ಲೇ ಹಿಡಿದಿಡುವುದು. ಲಾವಂಚದಂಥ ಆಳ ಬೇರಿನ ಹುಲ್ಲು ಹಬ್ಬಿಸಿ, ಬರಿ ಮಣ್ಣು ಕಾಣದಿರಲಿ. ಹೆಚ್ಚಿನ ಅಪಾಯ ಇರುವುದು ಧೂಳಿನಲ್ಲಿ, ಮಣ್ಣಾಡಿ ಕೈ ಬಾಯಿಗಿಡುವ ಮಕ್ಕಳಿಗೆ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಹಾಕಿ. ಸೊಪ್ಪು, ಗೆಡ್ಡೆ ತರಕಾರಿ ಆ ಮಣ್ಣಲ್ಲಿ ಬೇಡವೇ ಬೇಡ.

ಮರುಪ್ರಶ್ನೆ: ಕೊಯ್ದ ಹುಲ್ಲನ್ನು ದನಕ್ಕೆ ಹಾಕಬಹುದೇ, ಮೇಡಂ?

ಉತ್ತರ: ಬೇಡ. ಎಲೆಗೆ ಅಂಟಿದ ಧೂಳೇ ಸಾಕು, ಸೀಸ ದನದ ಹೊಟ್ಟೆಗೆ ಹೋಗುತ್ತದೆ. ಸುಡಲೂಬೇಡಿ, ಅಲ್ಲೇ ಹೊದಿಕೆಯಾಗಿ ಹರಡಿ. ಇನ್ನೊಂದು ಮಾತು, ಆ 400 ಎಷ್ಟು ಕಡೆಯ ಮಣ್ಣಿನ ಫಲಿತಾಂಶ? ಬ್ಯಾಟರಿ ಒಡೆದ ಜಾಗದಲ್ಲಿ ಹತ್ತು ಹೆಜ್ಜೆಗೊಂದು ಪ್ರಮಾಣ ಇರುತ್ತದೆ. ಚೌಕ ಚೌಕವಾಗಿ ಭಾಗಮಾಡಿ ಬೇರೆಬೇರೆ ಮಾದರಿ ಕೊಡಿ. ತೀರಾ ಹೆಚ್ಚಿರುವ ಮೂಲೆ ಸಿಕ್ಕರೆ ಅಷ್ಟು ಮಣ್ಣನ್ನು ಪರವಾನಗಿ ಇರುವವರಿಂದ ಎತ್ತಿಸಬೇಕಾಗುತ್ತದೆ. ಫಲಿತಾಂಶ ಬಂದಮೇಲೆ ಇಲ್ಲೇ ಹಾಕಿ, ನೋಡುತ್ತೇನೆ.